ತಾರೀಖು ಕೇಳುವ ಯಂತ್ರ

ಗುಜರಿಗೆ ಬಂದ ಕಂಪ್ಯೂಟರನ್ನು ಡಬ್ಬಿ ಎಂದು ಕರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೈಲಹೊಂಗಲದಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ, ನನ್ನ ಅಬ್ಬಾ ಮಲ್ಲಿಕಸಾಬರೂ ಸೇರಿ. ಗುಜರಿ ಅಂಗಡಿ ಅವರದು. ಕಬ್ಬಿಣ, ತಾಮ್ರ, ರದ್ದಿ ಎಲ್ಲ ಅವರ ಪಾಲಿಗೆ. ಹಿಂದಿನ ತಗಡಿನ ಶೆಡ್ಡು ಮಾತ್ರ ನನ್ನದು. ಕಚೇರಿಗಳು, ಶಾಲೆಗಳು ಹೊರಗೆ ಎಸೆದ ಹಳೆಯ ಕಂಪ್ಯೂಟರುಗಳನ್ನು ಸುತ್ತಿಗೆಗೆ ಸಿಗದಂತೆ ಅಲ್ಲಿಗೆ ಎಳೆದುಕೊಂಡು ಹೋಗುತ್ತೇನೆ. ಬಿಚ್ಚುತ್ತೇನೆ, ತೊಳೆಯುತ್ತೇನೆ, ಬೆಸುಗೆ ಹಾಕುತ್ತೇನೆ, ಮತ್ತೆ ಮಾತನಾಡಿಸುತ್ತೇನೆ. ಇದುವರೆಗೆ ಹತ್ತೊಂಬತ್ತು ಬದುಕಿವೆ. ಕೆಲವನ್ನು ಹುಬ್ಬಳ್ಳಿಯಿಂದ, ಪುಣೆಯಿಂದ ನನ್ನಂಥದೇ ಹುಚ್ಚರು ಬಂದು ಒಯ್ದಿದ್ದಾರೆ. ನಲವತ್ಮೂರು ವರ್ಷದ ಹೆಂಗಸಿಗೆ ಇದೆಂಥ ಗೀಳು ಮೆಹೆರಾಜ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು.

ಆ ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸು ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನೆಲದ ತುಂಬ ಸ್ಕ್ರೂ, ತಗಡಿನ ಚೂರು.

"ಚಪ್ಪಲಿ ಹಾಕ್ಕೊಂಡ ಬರ್ರಿ, ಕಾಲಿಗೆ ಚುಚ್ಚತಾವು," ಎಂದೆ.

"ಕಂಪ್ಯೂಟರ್ ಇದ್ದಲ್ಲೆ ಚಪ್ಪಲಿ ಹಾಕಿ ರೂಢಿ ಇಲ್ಲವ್ವಾ. ನಮ್ಮ ಸಾಹೇಬ್ರು ಬಿಡತಿದ್ದಿಲ್ಲ."

ಹೆಸರು ಯಶೋಧಾ. ವಯಸ್ಸು ಐವತ್ತೊಂಬತ್ತು. ಸವದತ್ತಿಯ ಒಂದು ಸರಕಾರಿ ಕಚೇರಿಯಲ್ಲಿ ದಿನಗೂಲಿಯ ಟೈಪಿಸ್ಟ್. ಕಚೇರಿ ಯಾವುದೆಂಬುದು ಇಲ್ಲಿ ಬೇಡ. ಅಲ್ಲಿನ ಹಳೆಯ ಸಾಮಾನನ್ನು ಅಬ್ಬಾ ಹರಾಜಿನಲ್ಲಿ ಹಿಡಿದ ಸುದ್ದಿಯನ್ನು ಜವಾನ ಬಸಯ್ಯ ಅವರಿಗೆ ಮುಟ್ಟಿಸಿದ್ದ.

ಅವರ ಸಂಕಟ ಇಷ್ಟು. ಇನ್ನು ನಾಲ್ಕು ತಿಂಗಳಿಗೆ ಅವರಿಗೆ ಅರವತ್ತು ತುಂಬುತ್ತದೆ. ಅಷ್ಟರೊಳಗೆ ಕೆಲಸ ಕಾಯಂ ಆದರೆ ಪಿಂಚಣಿ ಉಂಟು. ಆಗದಿದ್ದರೆ ಒಂದು ಹಾರ, ಒಂದು ಶಾಲು ಹಾಕಿಸಿಕೊಂಡು ಬರಿಗೈಯಲ್ಲಿ ಮನೆಗೆ ನಡೆಯಬೇಕು. ಇದಕ್ಕಾಗಿ ಕೂತ ಸಮಿತಿ, ತೊಂಬತ್ತಾರಕ್ಕಿಂತ ಮುಂಚೆಯೇ ಕೆಲಸಕ್ಕೆ ಸೇರಿದ್ದಕ್ಕೆ ದಾಖಲೆ ಕೇಳಿತ್ತು. ಯಶೋಧಕ್ಕ ಸೇರಿದ್ದು ತೊಂಬತ್ನಾಲ್ಕರ ಜೂನಿನಲ್ಲಿ. ಆದರೆ ಕಚೇರಿಯ ಕಾಗದಗಳಲ್ಲಿ ಅವರ ಹೆಸರು ಇರುವುದು ೨೦೦೪ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನ ಹಾಜರಿ ಪುಸ್ತಕಗಳು ಸಿಗುತ್ತಿಲ್ಲವೆಂದು ಕಚೇರಿ ಬರೆದುಕೊಟ್ಟು ಕೈತೊಳೆದುಕೊಂಡಿತ್ತು. ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಬೈಲಹೊಂಗಲದಲ್ಲೇ ಕೊನೆಯ ವಿಚಾರಣೆ.

"ಆ ಕಂಪ್ಯೂಟರಿನಾಗ ನಾ ಟೈಪ್ ಮಾಡಿದ್ದು ಇರ್ತೈತಿ, ಹೌದಿಲ್ಲೋ? ಕೆಳಗ ನನ್ನ ಹೆಸರಿನ ಅಕ್ಷರ ಇರ್ತಾವು, ಬಾಜೂಕ ತಾರೀಖ ಇರ್ತೈತಿ. ಅದನ್ನಷ್ಟ ತಗದ ಕೊಡವ್ವಾ," ಎಂದರು ಯಶೋಧಕ್ಕ.

"ಮೂವತ್ತ ವರ್ಷದ ಡಿಸ್ಕ್ ಐತಿ ಅಕ್ಕಾರ. ತಿರಗಿದ್ರ ಪುಣ್ಯಾ."

"ತಿರಗಸವ್ವಾ," ಎಂದರು, ಬಾವಿಯ ರಾಟೆಗೆ ಹೇಳಿದಷ್ಟು ಸುಲಭವಾಗಿ.

ಸವದತ್ತಿಯಿಂದ ಬಂದ ರಾಶಿಯನ್ನು ನಾನಿನ್ನೂ ಮುಟ್ಟಿರಲಿಲ್ಲ. ಮುರಿದ ಕುರ್ಚಿಗಳನ್ನು ಸರಿಸುತ್ತಿದ್ದಂತೆ ಯಶೋಧಕ್ಕ ದೂರದಿಂದಲೇ ಗುರುತು ಹಿಡಿದರು. ಮುಂದಿನ ಜಾಲರಿಯ ಮೇಲೆ ಕುಂಕುಮ, ಅರಿಶಿಣ ಪದರುಪದರಾಗಿ ಕಟ್ಟಿಕೊಂಡಿದ್ದ ಒಂದು ಅಗಲವಾದ ತಗಡಿನ ಪೆಟ್ಟಿಗೆ ಅದು. ನಾನು ಇದುವರೆಗೆ ಎತ್ತಿದವುಗಳಲ್ಲೇ ಹಳೆಯದು. ಬೇರೆ ಯಾವುದೋ ದೊಡ್ಡ ಕಚೇರಿ ಬಳಸಿ ಬಿಟ್ಟದ್ದನ್ನು ಸವದತ್ತಿಗೆ ಸಾಗಹಾಕಿದ್ದರಂತೆ.

ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದಾಗ ಒಳಗೂ ಕೆಂಪು. ಫ್ಯಾನಿನ ರೆಕ್ಕೆಗಳಿಗೆ, ತಂತಿಗಳ ನಡುವೆ, ಫ್ಲಾಪಿ ಹಾಕುವ ಬಾಯಿಯ ತುಂಬ ಕುಂಕುಮ.

"ಇದೇನ್ರಿ ಅಕ್ಕಾ, ಕಂಪ್ಯೂಟರೋ ದೇವರ ಜಗಲಿಯೋ?" ಎಂದೆ.

"ವರ್ಷಾ ಖಂಡೇ ಪೂಜಿಗೆ ಹಚ್ಚತಿದ್ವಿ. ಸಾಹೇಬ್ರು ಮಡಿ ಉಟಗೊಂಡ ಬಂದು ಮುಂದ ನಿಂತು ಮಾಡಸ್ತಿದ್ರು." ಖಂಡೇ ಪೂಜಿಯೆಂದರೆ ಆಯುಧ ಪೂಜೆ. ಸಾಹೇಬರೆಂದರೆ ಕೃಷ್ಣಾಜಿ, ೨೦೦೩ರವರೆಗೆ ಆ ಕಚೇರಿಯ ಮೇಲ್ವಿಚಾರಕರಾಗಿದ್ದವರು. ಈಗ ಎಂಬತ್ತು ವರ್ಷ, ಮನೋಳಿಯಲ್ಲಿ ಮಗಳ ಜೊತೆ ಇದ್ದಾರೆ. ಇವಳು ನನ್ನ ಕೈಕೆಳಗೆ ಕೆಲಸ ಮಾಡಿದ್ದಳು ಎಂದು ಒಂದು ಸಾಲು ಬರೆದುಕೊಡಿ ಅಂತ ಯಶೋಧಕ್ಕ ಹಿಂದೆ ಎರಡು ಸಲ ಹೋಗಿ ಕೇಳಿದ್ದರಂತೆ. ಕಾಗದವಿಲ್ಲದ ಮಾತಿಗೆ ನಾನು ಸಹಿ ಮಾಡುವುದಿಲ್ಲ ಎಂದು ಅವರು ವಾಪಸು ಕಳಿಸಿದ್ದರು. ಅಂಥ ಮನುಷ್ಯನ ಮೇಲೂ ಈಕೆಗೆ ಇದ್ದ ಭಕ್ತಿ ನೋಡಿ ನನಗೆ ಸಿಟ್ಟು ಬಂತು.

ಮೆದು ಬ್ರಷ್ಷಿನಿಂದ ಕುಂಕುಮ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ತಂತಿಗಳನ್ನೆಲ್ಲ ಪರೀಕ್ಷಿಸುವಷ್ಟರಲ್ಲಿ ಸಂಜೆಯಾಯಿತು. ಡಿಸ್ಕನ್ನು ಬೇರೆ ಇಟ್ಟು, ಬರೀ ಬೋರ್ಡಿಗೆ ಕರೆಂಟು ಕೊಟ್ಟೆ. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಫಟ್ಟೆಂದು ಸಿಡಿಯಿತು. ಬೆಂಕಿಯ ಕಿಡಿ, ಸುಟ್ಟ ವಾಸನೆ. ಯಶೋಧಕ್ಕ ಕಿರುಚಿಕೊಂಡರು. ಸಿಡಿದದ್ದು ಕಡಲೆಕಾಳಿನಷ್ಟು ಪುಟ್ಟ ಬಿಡಿಭಾಗ, ಒಂದು ಕೆಪಾಸಿಟರ್. ಹಳೆಯ ಬೋರ್ಡುಗಳಲ್ಲಿ ಇದು ಮಾಮೂಲು. ಸತ್ತ ಇನ್ನೊಂದು ಬೋರ್ಡಿನಿಂದ ಅಂಥದೇ ಒಂದನ್ನು ಕಿತ್ತು ಬೆಸೆದೆ. ಈ ಸಲ ಪರದೆಯ ಮೇಲೆ ಹಸಿರು ಗೆರೆ ಮಿನುಗಿತು. ಬೋರ್ಡು ಬದುಕಿತು. ಆದರೆ ಯಶೋಧಕ್ಕನಿಗೆ ಬೇಕಾದದ್ದು ಬೋರ್ಡಿನಲ್ಲಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಡಿಸ್ಕ್ ಜೋಡಿಸಿದೆ. ಇಟ್ಟಿಗೆಯಷ್ಟು ಭಾರ. ಕರೆಂಟು ಕೊಟ್ಟರೆ ಒಳಗೆ ಗುಂಯ್ ಎಂದು ಹೆಣಗುತ್ತದೆ, ತಿರುಗುವುದಿಲ್ಲ. ಇಷ್ಟು ವರ್ಷ ನಿಂತಲ್ಲೇ ನಿಂತು, ಓದುವ ಸೂಜಿ ತಟ್ಟೆಗೆ ಅಂಟಿಕೊಂಡುಬಿಟ್ಟಿರುತ್ತದೆ. ಬಲ ಹಾಕಿದರೆ ಸೂಜಿ ಕಿತ್ತು ಬರುತ್ತದೆ, ಅದರ ಜೊತೆ ತಟ್ಟೆಯ ಮೇಲಿನದೂ ಹೋಗುತ್ತದೆ. ಇಂಥ ಎರಡು ಡಿಸ್ಕುಗಳನ್ನು ನಾನು ಹಿಂದೆ ಹೀಗೆಯೇ ಹಾಳುಮಾಡಿದ್ದೆ. ಅದನ್ನು ಯಶೋಧಕ್ಕನಿಗೆ ಹೇಳಲಿಲ್ಲ.

ಡಿಸ್ಕನ್ನು ಅರಿವೆಯಲ್ಲಿ ಸುತ್ತಿ ಒಂದು ಗಂಟೆ ಬಿಸಿಲಿಗೆ ಇಟ್ಟೆ. ಆಮೇಲೆ ಮಗುಚಿ ಹಿಡಿದು, ಅಡಿಯಲ್ಲಿರುವ ಚಕ್ರಕ್ಕೆ ಹೆಬ್ಬೆರಳು ಕೊಟ್ಟು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಳ್ಳುತ್ತ ಕೂತೆ. ಉಸಿರು ಬಿಡಲೂ ಭಯ. ಯಶೋಧಕ್ಕ ಎದುರಿಗೆ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆ ಟಿಕ್ಕೆಂದಿತು. ಏನು ಬಿಟ್ಟಿತು, ಅಂಟೋ ಸೂಜಿಯೋ? ಯಾ ಅಲ್ಲಾ ಎಂದು ಕರೆಂಟು ಕೊಟ್ಟೆ. ಮೊದಲು ತೊದಲಿದಂತೆ, ಆಮೇಲೆ ಒಂದೇ ಸಮನೆ ಡಿಸ್ಕ್ ತಿರುಗತೊಡಗಿತು.

"ತಿರಗತೇನವ್ವಾ?"

"ತಿರಗಾಕ ಹತ್ತೇತ್ರಿ."

ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಮೂಡಿತು. ಇವತ್ತಿನ ತಾರೀಖು ೧-೧-೧೯೮೦, ಹೊಸ ತಾರೀಖು ಕೊಡಿ ಎಂಬ ಅರ್ಥದ್ದು. ಆ ಕಾಲದ ಈ ಯಂತ್ರಗಳಿಗೆ ಸ್ವಂತ ಗಡಿಯಾರವಿರಲಿಲ್ಲ. ದಿನಾ ಬೆಳಿಗ್ಗೆ ಎಚ್ಚರವಾದ ಕೂಡಲೇ ಇವತ್ತು ಯಾವ ದಿನ ಎಂದು ಕೂತವರನ್ನೇ ಕೇಳುತ್ತಿದ್ದವು. ನಾನು ಅದನ್ನು ಓದಿ ಮುಗಿಸುವ ಮೊದಲೇ ಯಶೋಧಕ್ಕನ ಕೈ ಮುಂದೆ ಬಂದು ಎಂಟರ್ ಒತ್ತಿತು. ವೇಳೆ ಎಷ್ಟು ಎಂದು ಕೇಳಿತು. ಮತ್ತೆ ಎಂಟರ್. ಮೂವತ್ತು ವರ್ಷದ ಹಿಂದಿನ ಕೈ, ಸ್ವಲ್ಪವೂ ತಡವರಿಸಲಿಲ್ಲ.

ನಾನು ಪರದೆ ಬಿಟ್ಟು ಅವರ ಕಡೆ ತಿರುಗಿದೆ.

"ಅಕ್ಕಾ, ದಿನಾ ಹಿಂಗ ಮಾಡತಿದ್ರೇನ್ರಿ? ತಾರೀಖ ಹಾಕತಿದ್ದಿಲ್ಲ?"

"ಇಲ್ಲ. ಎಂಟರ್ ಒತ್ತಿದ್ರ ಮುಂದ ಹೋಗತಿತ್ತು."

ಕಡತಗಳ ಪಟ್ಟಿ ತೆಗೆದೆ. ಆ ಡಿಸ್ಕು ಬಹಳ ಸಣ್ಣದು. ಜಾಗ ಸಾಲದೆ, ಪತ್ರ ಮುದ್ರಿಸಿದ ಕೂಡಲೇ ಅಳಿಸಿಬಿಡುವುದು ಅವರ ಕಚೇರಿಯ ನಿಯಮವಾಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಹನ್ನೊಂದು ನೋಟಿಸುಗಳ ನಮೂನೆ. ಹೆಸರು, ಊರು, ದಿನಾಂಕ ಎಲ್ಲ ಖಾಲಿ ಬಿಟ್ಟು ಪೆನ್ನಿನಿಂದ ತುಂಬುವಂಥವು. ಪ್ರತಿಯೊಂದರ ಕೆಳಗೂ ಮೂಲೆಯಲ್ಲಿ, ಬರೆಸಿದವರ ಮತ್ತು ಟೈಪು ಮಾಡಿದವರ ಹೆಸರಿನ ಮೊದಲಕ್ಷರಗಳು. ಯಶೋಧಕ್ಕ ಹೇಳಿದ್ದು ನಿಜವೇ ಆಗಿತ್ತು. ಆದರೆ ಪ್ರತಿ ಕಡತದ ಪಕ್ಕದಲ್ಲೂ ಒಂದೇ ತಾರೀಖು, ೧-೧-೮೦.

"ಎಂಬತ್ತರಾಗ ನಾ ಇನ್ನೂ ಸಾಲಿ ಕಲಿಯಾಕ ಹತ್ತಿದ್ದೆ," ಎಂದರು ಯಶೋಧಕ್ಕ. ಅವರಿಗೆ ಅರ್ಥವಾಗಲು ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಸೆರಗನ್ನು ಬಾಯಿಗೆ ಹಚ್ಚಿಕೊಂಡು ಅಳಲು ಶುರುಮಾಡಿದರು.

ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅವರೇ ಕಣ್ಣೊರೆಸಿಕೊಂಡು, ಮೆಲ್ಲಗೆ, "ಈಗ ಹಾಕಿದ್ರ ಆಗೂದಿಲ್ಲೇನ ತಂಗಿ?" ಎಂದರು.

"ಏನ್ ಹಾಕೂದ್ರಿ?"

"ತಾರೀಖ. ನಾ ಅಲ್ಲೆ ಇದ್ದದ್ದು ಖರೇ ಐತಲ್ಲ? ಸುಳ್ಳ ಅಲ್ಲಲ್ಲ? ಕೇಳಿದಾಗ ತೊಂಬತ್ನಾಲ್ಕ ಅಂತ ಹೊಡದು, ಒಂದೊಂದ ಫೈಲ್ ತಗದು ಸೇವ್ ಮಾಡಿದ್ರ ಮುಗೀತು. ಯಾರಿಗಿ ಗೊತ್ತಾಗತೈತಿ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ಬ್ಯಾಡ್ರಿ. ಸತ್ತದ್ದನ್ನ ಎಬ್ಬಿಸೂದು ನನ್ನ ಕೆಲಸಾ. ಅದರ ಬಾಯಿಲೆ ಸುಳ್ಳ ಆಡಸೂದಲ್ಲ," ಎಂದೆ. ಜೋರಾಗಿಯೇ ಅಂದೆ. ಅಬ್ಬಾ ಊಟಕ್ಕೆ ಕಾಯುತ್ತಿದ್ದರು. ಅವರಿಗೆ ಬಡಿಸಿ ಬರುತ್ತೇನೆ, ಏನೂ ಮುಟ್ಟಬೇಡಿ ಎಂದು ಹೇಳಿ ಎದ್ದುಹೋದೆ. ಮೊದಲು ಇನ್ನೊಂದು ಪ್ರತಿ ಇಳಿಸಿಕೊಳ್ಳಬೇಕಿತ್ತು. ಫ್ಲಾಪಿಯ ಬಾಯಿಯಲ್ಲಿ ಇನ್ನೂ ಕುಂಕುಮ ಇತ್ತು, ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಆ ತಪ್ಪು ನನ್ನದು.

ಅರ್ಧ ಗಂಟೆಗೆ ವಾಪಸು ಬಂದಾಗ ಯಶೋಧಕ್ಕ ಯಂತ್ರದಿಂದ ಮಾರು ದೂರ ಕೂತಿದ್ದರು, ಕೈ ಎರಡೂ ಮಡಿಲಲ್ಲಿ. ಅವರ ಮುಖ ನೋಡಿದೊಡನೆ ತಿಳಿಯಿತು. ಪಟ್ಟಿ ತೆಗೆದೆ. ಹನ್ನೊಂದು ಕಡತಗಳಿಗೂ ೧೩-೧೦-೯೪. ವೇಳೆ ಒಂದರ ಹಿಂದೊಂದು, ಎಲ್ಲ ಹತ್ತೇ ನಿಮಿಷದೊಳಗೆ.

ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. 

"ಹತ್ತ ನಿಮಿಷದಾಗ ಹನ್ನೊಂದ ನೋಟೀಸ ಯಾರ್ ಟೈಪ್ ಮಾಡತಾರ್ರಿ? ಸಣ್ಣ ಹುಡುಗೂರು ಸೈತ ಹಿಡೀತಾರ! ಖರೇ ಇದ್ದದ್ದನ್ನ ನಿಮ್ಮ ಕೈಯಾರೆ ಸುಳ್ಳ ಮಾಡಿದ್ರಲ್ಲ!" 

ಅವರು ತಲೆ ಎತ್ತಲಿಲ್ಲ. 

"ನಾಕ ತಿಂಗಳಾತವ್ವಾ ನಿದ್ದಿ ಇಲ್ಲ," ಎಂದರಷ್ಟೆ.

ಮತ್ತೆ ೧೯೮೦ ಮಾಡಿಬಿಡಲೇ ಎಂಬ ಯೋಚನೆ ನನಗೂ ಬಂತು. ಸುಳ್ಳು ಹೇಳುವುದಿಲ್ಲ. ಬೆರಳು ಕೀಲಿಯ ಮೇಲೂ ಹೋಗಿತ್ತು. ಆದರೆ ಒಂದು ಸುಳ್ಳನ್ನು ಒರೆಸಲು ಇನ್ನೊಂದು ಸುಳ್ಳು ಹಾಕಿದ ಮೇಲೆ ಆ ಯಂತ್ರದಲ್ಲಿ ನಾನೇ ನಂಬುವಂಥದು ಏನೂ ಉಳಿಯುತ್ತಿರಲಿಲ್ಲ. ಕೈ ತೆಗೆದೆ. ಹಾಗೆ ತೆಗೆದಾಗಲೇ ಪಟ್ಟಿಯ ಕೊನೆಯಲ್ಲಿ ಹನ್ನೆರಡನೆಯ ಹೆಸರು ಕಂಡಿತು. ಶ್ರೀ ಎಂಬ ಪುಟ್ಟ ಕಡತ. ತಾರೀಖು ೧-೧-೮೦. ಬೆಳಿಗ್ಗೆ ನೋಟಿಸುಗಳನ್ನಷ್ಟೇ ನೋಡಿ ನಾನು ಅದನ್ನು ಗಮನಿಸಿರಲಿಲ್ಲ; ನೋಟಿಸಲ್ಲವೆಂದು ಯಶೋಧಕ್ಕ ಅದನ್ನು ಮುಟ್ಟಿರಲಿಲ್ಲ.

ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ, ನಾಲ್ಕೇ ಸಾಲು. ಶಾಲಿವಾಹನ ಶಕೆ ೧೯೧೬, ಭಾವನಾಮ ಸಂವತ್ಸರ, ಆಶ್ವೀಜ ಶುದ್ಧ ದಶಮಿ, ಶುಕ್ರವಾರ. ಪೂಜೆಯಾದ ಮೇಲೆ ಈ ಯಂತ್ರದಲ್ಲಿ ಮೊದಲ ಬರಹ. ಬರೆಸಿದವರು ಕೃಷ್ಣಾಜಿ. ಬರೆದವರು ಟೈಪಿಸ್ಟ್ ಯಶೋಧಾ.

"ಅಯ್ಯ ಶಿವನ! ಇದನ್ನ ಮರತ ಬಿಟ್ಟಿದ್ದೆ," ಎಂದು ಯಶೋಧಕ್ಕ ಎದ್ದೇ ನಿಂತರು. "ದಶಮಿ ದಿವ್ಸ ಸೂಟಿ ಇದ್ರೂ ಸಾಹೇಬ್ರು ಬಂದು ಒಂದ ಹಾಳಿ ಬರಸ್ತಿದ್ರು. ಪಂಚಾಂಗ ನೋಡಿ ಅವ್ರ ಹೇಳಿದ್ದು ಇದು, ಮೊದಲನೇ ವರ್ಷದ್ದಂತ ಅಳಸಿದ್ದಿಲ್ಲ."

ಯಂತ್ರಕ್ಕೆ ತಾರೀಖು ಗೊತ್ತಿಲ್ಲದಿದ್ದರೂ ಬರೆಸಿದವರಿಗೆ ಗೊತ್ತಿತ್ತು. ಶಕೆಗೆ ಎಪ್ಪತ್ತೆಂಟು ಕೂಡಿಸಿದೆ. ತೊಂಬತ್ನಾಲ್ಕು. ಇದಕ್ಕೆ ಕೃಷ್ಣಾಜಿ ಹೌದು ಎಂದು ಸಹಿ ಮಾಡಿದರೆ ಸಾಕಿತ್ತು. ಕಾಗದವಿಲ್ಲದೆ ಸಹಿ ಮಾಡುವುದಿಲ್ಲ ಎಂದವರಲ್ಲವೇ, ಈಗ ಕಾಗದ ಇದೆ. ಹಳೆಯ ಪ್ರಿಂಟರಿನಲ್ಲಿ ಆ ಹಾಳೆಯನ್ನೂ ಕಡತಗಳ ಪಟ್ಟಿಯನ್ನೂ ಮುದ್ರಿಸಿಕೊಂಡೆ. ಪಟ್ಟಿ ನನ್ನ ಚೀಲದಲ್ಲೇ ಇರಲಿ, ಹಾಳೆಯನ್ನಷ್ಟೇ ತೋರಿಸೋಣ ಎಂದು ಯಶೋಧಕ್ಕನಿಗೆ ಮೂರು ಸಲ ಹೇಳಿದೆ.

ಭಾನುವಾರ ಬಸ್ಸು ಬದಲಿಸಿ ಮನೋಳಿ ತಲುಪಿದಾಗ ಹತ್ತು ಗಂಟೆ. ಕೃಷ್ಣಾಜಿಯವರ ಮಗಳು ಮೃಣಾಲಿನಿ ಬಾಗಿಲು ತೆರೆದರು. ಸವದತ್ತಿಯಲ್ಲಿ ಕಾಲೇಜು ಉಪನ್ಯಾಸಕಿ, ನನ್ನದೇ ವಯಸ್ಸು. ಒಳಗೆ ಕರೆದು ಚಹಾ ಕೊಟ್ಟರು. ಕೃಷ್ಣಾಜಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು.

"ಇದು ನಾ ಬರಸಿದ್ದ. ಹೌದು, ಇದು ನಂದೇ ಭಾಷಾ ಅದ," ಎಂದರು. ಮುಖ ಸಡಿಲಾಯಿತು. "ಮೃಣಾಲಿನಿ, ಪೆನ್ನ ಕೊಡವಾ."

ಆಗ ಯಶೋಧಕ್ಕ ಸಂತೋಷದಲ್ಲಿ ಏನು ಮಾಡುತ್ತಿದ್ದೇನೆಂದು ಮರೆತರು. ನನ್ನ ಚೀಲಕ್ಕೆ ಕೈ ಹಾಕಿ ಪಟ್ಟಿಯನ್ನೂ ಎಳೆದು, "ಇನ್ನೂ ಹನ್ನೊಂದ ಅದಾವ್ರಿ ಸಾಹೇಬ್ರ, ಎಲ್ಲಾದಕ್ಕೂ ನಮ್ಮಿಬ್ಬರ ಅಕ್ಷರ ಅದಾವು," ಎಂದು ಅವರ ಮುಂದೆ ಹಿಡಿದರು. ನಾನು ಕಣ್ಣು ಮುಚ್ಚಿದೆ.

ಕೃಷ್ಣಾಜಿ ಪಟ್ಟಿ ನೋಡಿದರು. ಪೆನ್ನು ಕೆಳಗಿಟ್ಟರು. ತೊಂಬತ್ನಾಲ್ಕರ ಪಂಚಾಂಗ ತರಲು ಮಗಳಿಗೆ ಹೇಳಿದರು. ಹಳೆಯ ಪಂಚಾಂಗಗಳ ಕಟ್ಟು ಒಳಗಿನ ಪೆಟ್ಟಿಗೆಯಲ್ಲಿತ್ತು. ಮೃಣಾಲಿನಿ ಅದನ್ನು ಹುಡುಕಿ ತಂದರು.

"ದಶಮಿ ಹದಿನಾಲ್ಕಕ್ಕ. ಅಂದ್ರ ಹದಿಮೂರಕ್ಕ ಮಹಾನವಮಿ, ಖಂಡೇ ಪೂಜಿ." ಅವರ ಬೆರಳು ಪುಟದ ಮೇಲಿತ್ತು. "ಆ ದಿನ ಮಶೀನಿನ ಮ್ಯಾಲ ಅರಿವಿ ಹೊಚ್ಚಿ, ಕುಂಕುಮ ಹಚ್ಚಿ, ಖೋಲಿಗೆ ಕೀಲಿ ಹಾಕಿ ಕೀಲಿಕೈ ನನ್ನ ಹತ್ತರ ಇಟಗೋತಿದ್ದೆ. ದಶಮಿತನಕ ಯಾರೂ ಮುಟ್ಟಬಾರದು. ಆ ದಿನ ಹನ್ನೊಂದ ನೋಟೀಸ ಯಾರ ಟೈಪ್ ಮಾಡಿದ್ರು?"

ಇಡೀ ವರ್ಷದಲ್ಲಿ ಯಾರೂ ಆ ಯಂತ್ರ ಮುಟ್ಟಲಾರದ ಒಂದು ದಿನವನ್ನೇ ಈ ಪುಣ್ಯಾತ್ಗಿತ್ತಿ ಆರಿಸಿದ್ದರು. ನನಗೆ ಆ ತಾರೀಖಿನ ಅರ್ಥ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು, ತಿಳಿದದ್ದಕ್ಕೇ ಎಡವಿದ್ದರು.

"ನಾನ ಹಾಕೇನ್ರಿ. ನಿನ್ನೆ," ಎಂದರು ಯಶೋಧಕ್ಕ. "ಆ ವರ್ಷದಾಗ ಗಟ್ಟಿ ನೆನಪಿದ್ದ ತಾರೀಖ ಅದೊಂದ. ಮೊದಲನೇ ಪೂಜಿ ಅಂತ ಹೊಸಾ ಸೀರಿ ಉಟಗೊಂಡ ಬಂದಿದ್ದೆ."

"ಸುಳ್ಳ ಕಾಗದದ ಜೋಡಿ ನನ್ನ ಸಹಿ ಹೋಗಂಗಿಲ್ಲ," ಎಂದು ಕೃಷ್ಣಾಜಿ ಎರಡೂ ಹಾಳೆಗಳನ್ನು ಯಶೋಧಕ್ಕನ ಕಡೆಗೆ ಸರಿಸಿದರು.

ಯಶೋಧಕ್ಕ ಹಾಳೆಗಳನ್ನು ಮಡಚಿಕೊಂಡು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು. ಅವರ ಧ್ವನಿ ಏರಲಿಲ್ಲ. "ಸಾಹೇಬ್ರ, ದಿನಾ ಮುಂಜಾನಿ ಅದು ತಾರೀಖ ಕೇಳತಿತ್ತು. ಮೊದಲನೇ ದಿನ ನಾ ನಿಮ್ಮನ್ನ ಕೇಳಿದ್ದೆ, ಏನ್ ಹಾಕ್ಲಿರಿ ಅಂತ. ತಾರೀಖ ಹಾಕೂದು ನನ್ನ ಪೆನ್ನಿನ ಕೆಲಸಾ, ನೀ ಎಂಟರ್ ಒತ್ತಿ ಮುಂದ ಹೋಗು ಅಂದಿದ್ರಿ. ಒಂಬತ್ತ ವರ್ಷ ನೀವು ಹೇಳಿದಂಗ ಮಾಡೇನ್ರಿ."

ಕೃಷ್ಣಾಜಿ ತೆರೆದಿದ್ದ ಪಂಚಾಂಗವನ್ನು ಮುಚ್ಚಿದರು. ನಾಳೆ ಹನ್ನೊಂದಕ್ಕೆ ಬೈಲಹೊಂಗಲದಲ್ಲಿ ವಿಚಾರಣೆ ಎಂದು ಮೃಣಾಲಿನಿಗೆ ಹೇಳಿ ನಾವು ಹೊರಟು ಬಂದೆವು. ವಾಪಸು ಬಸ್ಸಿನಲ್ಲಿ ನಾನು ಆ ಮುದುಕನಿಗೆ ಮನಸಾರೆ ಶಾಪ ಹಾಕಿದೆ. ಯಶೋಧಕ್ಕ ಅದಕ್ಕೂ ನನ್ನನ್ನು ಗದರಿಸಿದರು.

ಸೋಮವಾರ ಯಂತ್ರವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ರಸ್ತೆಯ ಪ್ರತಿ ಗುಂಡಿಗೂ ಡಿಸ್ಕಿನ ಸೂಜಿ ನೆನೆದು ಹಲ್ಲು ಕಚ್ಚಿದೆ. ವಿಚಾರಣೆ ಮೇಲಿನ ಮಹಡಿಯಲ್ಲಿ. ಸಮಿತಿಯ ಮುಖ್ಯಸ್ಥೆ ಕನ್ನಡಕದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಇನ್ನಿಬ್ಬರು. ಮೇಜಿನ ಮೇಲೆ ಯಂತ್ರವಿಟ್ಟು ಕರೆಂಟು ಕೊಟ್ಟೆ. ಡಿಸ್ಕು ಒಮ್ಮೆ ತೊದಲಿ ತಿರುಗಿತು. ಹಾಳೆಯನ್ನು ಪರದೆಯ ಮೇಲೆ ತೋರಿಸಿದೆ, ಆಮೇಲೆ ಪಟ್ಟಿ. ಅದನ್ನು ಮುಚ್ಚಿಡುವ ಧೈರ್ಯ ನಮ್ಮಿಬ್ಬರಿಗೂ ಉಳಿದಿರಲಿಲ್ಲ.

"ಇದರಲ್ಲಿ ನೀವೇನಾದರೂ ಬದಲಾಯಿಸಿದ್ದೀರಾ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ಅವರು ದಕ್ಷಿಣದ ಕಡೆಯವರು.

ರಾತ್ರಿಯೆಲ್ಲ ಒಂದು ಉತ್ತರ ಹೊಂದಿಸಿಟ್ಟುಕೊಂಡಿದ್ದೆ, ಹಳೆಯ ಯಂತ್ರ, ತಾನೇ ತಾರೀಖು ಹಿಡಿದಿದೆ ಅಂತ. ಅದನ್ನು ಆಡುವ ಮೊದಲೇ ಯಶೋಧಕ್ಕ ಮುಂದೆ ಬಂದರು.

"ಈಕಿ ಏನೂ ಮಾಡಿಲ್ರಿ. ಹನ್ನೊಂದಕ್ಕೂ ನಾನ ತಾರೀಖ ಹಾಕೇನಿ, ಶನಿವಾರ. ಹನ್ನೆರಡನೇದು ಮುಟ್ಟಿಲ್ರಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳಿದರು. "ಹನ್ನೊಂದು ಬದಲಾಯಿಸಿದವರು ಹನ್ನೆರಡನೆಯದನ್ನು ಬದಲಾಯಿಸಿಲ್ಲ ಅಂತ ನಾವು ಹೇಗಮ್ಮ ನಂಬೋದು? ಹೇಳೋಕೆ ಬೇರೆ ಯಾರಾದರೂ ಇದ್ದಾರಾ?"

ಯಶೋಧಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದರು. ಅಧಿಕಾರಿ ಕಡತ ಮುಚ್ಚಿದರು. ಯಂತ್ರದ ಗುಂಯ್‌ಗುಡುವ ಸದ್ದು ನಿಲ್ಲಿಸಲು ನಾನು ಕೈ ಚಾಚಿದೆ. ಅದೇ ಹೊತ್ತಿಗೆ ಜವಾನ ಬಾಗಿಲು ತೆರೆದು, ಯಾರೋ ಹಿರಿಯರು ಮೆಟ್ಟಿಲು ಹತ್ತುತ್ತಿದ್ದಾರೆ, ಸ್ವಲ್ಪ ತಡೆಯಬೇಕಂತೆ ಎಂದ.

ಮೃಣಾಲಿನಿಯ ತೋಳು ಹಿಡಿದು ಕೃಷ್ಣಾಜಿ ಒಳಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದರು, ಮಗಳು ತಡೆದರು. ಏದುಸಿರು ನಿಲ್ಲುವವರೆಗೆ ಕುರ್ಚಿಯ ಬೆನ್ನು ಹಿಡಿದು ನಿಂತರು. ಆಮೇಲೆ ತಮ್ಮ ಹೆಸರು, ಹುದ್ದೆ, ನಿವೃತ್ತಿಯ ದಿನ ಹೇಳಿದರು.

"ಆ ಹನ್ನೆರಡನೇ ಹಾಳಿ ನಾ ಹೇಳಿ ಬರಸಿದ್ದು. ಈಕಿನೇ ಬರದಾಳ. ನಾ ಹಿಂದ ನಿಂತಿದ್ದೆ. ಆ ಮಶೀನಿಗೆ ತಾರೀಖ ಹಾಕಬ್ಯಾಡ ಅಂದಾವನೂ ನಾನ."

ನಿನ್ನೆ ಹಾಕಿದ ಶಾಪವನ್ನೆಲ್ಲ ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ.

"ಸರಿ," ಎಂದರು ಅಧಿಕಾರಿ. "ಹಾಗಿದ್ದರೆ ಇವರ ಹೆಸರು ಹಾಜರಿ ಪುಸ್ತಕದಲ್ಲೂ ಇದ್ದಿರಬೇಕಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರೂ ನೀವೇ. ಆ ಪುಸ್ತಕ ಏನಾಯಿತು?"

ಮೃಣಾಲಿನಿ ಸಣ್ಣಗೆ, "ಅಪ್ಪಾ, ವಿಚಾರ ಮಾಡಿ ಹೇಳ್ರಿ. ನಿಮ್ಮ ಪೆನ್ಶನ್ನಿಗೆ ಬಂದೀತು," ಎಂದರು. ಅವರು ಮಗಳ ಕೈಯನ್ನು ತಮ್ಮ ತೋಳಿನಿಂದ ಬಿಡಿಸಿದರು.

"ಪುಸ್ತಕ ಕಳದಿಲ್ರಿ. ಎಲ್ಲೋ ಇದ್ದಿರಬೇಕು. ಸಿಕ್ಕರೂ ಅದರಾಗ ಈಕಿ ಹೆಸರ ಇರೂದಿಲ್ಲ. ಟೈಪಿಸ್ಟ್ ಹುದ್ದಾಕ್ಕ ಆಗ ಮಂಜೂರಿ ಇದ್ದಿಲ್ಲ. ನೀರ ತುಂಬೂ ಆಳು ಒಂದು ಅಂತ ತೋರಸ್ತಿದ್ದೆ. ಹೆಸರ ನಾನ ಬರೀಲಿಲ್ಲ. ನಾ ರಿಟಾಯರ್ ಆಗೂ ತನಕ ಬರೀಲಿಲ್ಲ." ಅವರು ಮತ್ತೆ ಕುರ್ಚಿಯ ಬೆನ್ನು ಹಿಡಿದರು. "ಕಾಗದ ಇಲ್ಲಂತ ಈಕಿನ್ನ ಎರಡ ಸಲ ಮನಿ ಬಾಗಲದಿಂದ ಹೊಳ್ಳಿ ಕಳಿಸೇನಿ. ಅಂಜಿಕಿ ಇತ್ತು ನನಗ. ಇದನ್ನೂ ಬರಕೋರಿ."

ಅಧಿಕಾರಿ ಬರೆದುಕೊಂಡರು. ಅವರ ಸಹಿ ಹಾಕಿಸಿಕೊಂಡರು. ಪಕ್ಕದವರೊಡನೆ ಸ್ವಲ್ಪ ಹೊತ್ತು ಪಿಸುಗುಟ್ಟಿದರು. ಆಮೇಲೆ, ಹನ್ನೊಂದು ಕಡತಗಳನ್ನು ಪರಿಗಣಿಸುವುದಿಲ್ಲ, ಅದಕ್ಕೆ ಎಚ್ಚರಿಕೆ ಕೊಡಲಾಗುವುದು, ಹಾಳೆ ಮತ್ತು ಹೇಳಿಕೆಯ ಆಧಾರದ ಮೇಲೆ ಸೇವೆಯನ್ನು ೧೪-೧೦-೯೪ರಿಂದ ಒಪ್ಪಲಾಗಿದೆ ಎಂದು ಓದಿ ಹೇಳಿದರು. ನಾನು ಯಶೋಧಕ್ಕನ ಕೈ ಹಿಡಿದು ಅಲುಗಾಡಿಸಿದೆ. "ಅಕ್ಕಾ, ಆತ್ರಿ! ಕಾಯಂ ಆತ್ರಿ!"

ಆದೇಶ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರು ಕೃಷ್ಣಾಜಿಯವರನ್ನೇ ನೋಡುತ್ತಿದ್ದರು.

"ಸಾಹೇಬ್ರ, ನಾ ದಿನಾ ಮುಂಜಾನಿ ಹತ್ತಕ್ಕ ನಿಮ್ಮ ಮುಂದ ಬಂದು ನಮಸ್ಕಾರ ಅಂತಿದ್ದೆ," ಎಂದರು. "ಹೂಂ ಅಂತ ಆ ಪುಸ್ತಕದಾಗ ಗೀಟ ಹೊಡೀತಿದ್ರಿ. ಹಂಗಾರ ಒಂಬತ್ತ ವರ್ಷ ನಾ ಅಲ್ಲೆ ಇದ್ದಿದ್ದ ಇಲ್ಲೇನ್ರಿ?"

ನಾನು ಎದ್ದು ಯಂತ್ರವನ್ನು ಆರಿಸಿದೆ. ಗೆದ್ದಿದ್ದೆವು, ಆದರೆ ಆ ಕೋಣೆಯಲ್ಲಿ ಅದನ್ನು ಇನ್ನೊಂದು ಸಲ ಹೇಳುವ ಧೈರ್ಯ ನನಗಾಗಲಿಲ್ಲ.